ಕನ್ನಡ ಸಂಗೀತದಲ್ಲಿ ಸಮಾನ ಹೆಸರುಗಳು

ಕನ್ನಡ ಸಂಗೀತದಲ್ಲಿ ಸಮಾನ ಹೆಸರುಗಳು ಎಂಬ ಈ ಲೇಖನವು ಒಂದೇ ಹೆಸರನ್ನು ಹೊಂದಿರುವ ಗಾಯಕರು, ಸಂಗೀತ ನಿರ್ದೇಶಕರು ಹಾಗೂ ಒಂದೇ ಶೀರ್ಷಿಕೆಯಲ್ಲಿ ಹೊರಬಂದ ಧ್ವನಿಸುರುಳಿಗಳು, ಆಲ್ಬಂಗಳು ಮತ್ತು ಚಿತ್ರಗೀತೆಗಳ ಸಂಗ್ರಹಗಳನ್ನು ಕುರಿತದ್ದಾಗಿದೆ. ಹೆಸರೊಂದನ್ನೇ ನೋಡಿ ಕಲಾವಿದರನ್ನು ಗುರುತಿಸುವುದು ಕನ್ನಡದಲ್ಲಿ ಎಂದೂ ಸುಲಭವಾಗಿರಲಿಲ್ಲ. ಹರಿದಾಸರು ಅಂಕಿತವನ್ನೂ, ಆಸ್ಥಾನ ವಿದ್ವಾಂಸರು ವಾದ್ಯದ ಹೆಸರನ್ನೂ, ನಂತರದವರು ಊರಿನ ಹೆಸರು ಅಥವಾ ಇನಿಷಿಯಲ್‌ಗಳನ್ನೂ ಈ ಉದ್ದೇಶಕ್ಕೆ ಬಳಸಿಕೊಂಡರು. ಧ್ವನಿಮುದ್ರಣ ಹಾಗೂ ಅಂತರಜಾಲದ ಕಾಲದಲ್ಲಿ ಈ ಗುರುತುಗಳು ಅನೇಕ ವೇಳೆ ಕಳಚಿಹೋಗುತ್ತವೆ. ಆಗ ಒಬ್ಬರು ಹಾಡಿದ್ದು ಅಥವಾ ರಚಿಸಿದ್ದು ಇನ್ನೊಬ್ಬರ ಹೆಸರಿಗೆ ಸೇರುವ ಸಾಧ್ಯತೆ ಉಂಟಾಗುತ್ತದೆ.

ಇಬ್ಬರು ಅಶ್ವಥ್

ಈ ಗೊಂದಲಕ್ಕೆ ಅತ್ಯಂತ ಪರಿಚಿತ ಉದಾಹರಣೆ ಅಶ್ವಥ್ ಎಂಬ ಹೆಸರು. ಸಿ. ಅಶ್ವಥ್ (1939–2009) ಸುಗಮ ಸಂಗೀತದ ಗಾಯಕರು ಹಾಗೂ ಸಂಗೀತ ನಿರ್ದೇಶಕರು. ಮಾಸ್ತಿಯವರ ನಾಟಕವನ್ನು ಆಧರಿಸಿದ ‘ಕಾಕನಕೋಟೆ’ ಚಿತ್ರದ ಮೂಲಕ ಚಲನಚಿತ್ರ ಸಂಗೀತಕ್ಕೆ ಬಂದ ಇವರು ‘ಸಂತ ಶಿಶುನಾಳ ಷರೀಫ’ (1990), ‘ಮೈಸೂರ ಮಲ್ಲಿಗೆ’ (1992) ಮುಂತಾದ ಚಿತ್ರಗಳಿಗೆ ಸಂಗೀತ ನೀಡಿದರು. ಕೆ.ಎಸ್. ಅಶ್ವಥ್ (1925–2010) ಚಲನಚಿತ್ರದ ಪೋಷಕ ನಟರು. 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಎಂದರೆ ಇವರೇ. ಇಬ್ಬರಿಗೂ ಬಂಧುತ್ವವಿಲ್ಲ, ವೃತ್ತಿಯೂ ಬೇರೆ. ಆದರೆ ಇಬ್ಬರ ಹೆಸರೂ ಕನ್ನಡ ಚಿತ್ರಗಳ ಶೀರ್ಷಿಕೆ ಪಟ್ಟಿಯಲ್ಲಿ ಬರುತ್ತದೆ, ಒಬ್ಬರದು ಪಾತ್ರವರ್ಗದಲ್ಲಿ, ಮತ್ತೊಬ್ಬರದು ಸಂಗೀತದ ಸಾಲಿನಲ್ಲಿ.

ಸಿ. ಅಶ್ವಥ್ 2009ರ ಡಿಸೆಂಬರ್ 29ರಂದು, ತಮ್ಮ ಜನ್ಮದಿನದಂದೇ ನಿಧನರಾದರು. ಮರುದಿನ ನಟ ವಿಷ್ಣುವರ್ಧನ್ ತೀರಿಕೊಂಡರು. ‘ನಾಗರಹಾವು’ ಚಿತ್ರದಲ್ಲಿ ವಿಷ್ಣುವರ್ಧನ್ ಅವರ ಗುರುವಾಗಿ ಅಭಿನಯಿಸಿದ್ದ ಕೆ.ಎಸ್. ಅಶ್ವಥ್ 2010ರ ಜನವರಿ 18ರಂದು ಮೈಸೂರಿನಲ್ಲಿ ನಿಧನ ಹೊಂದಿದರು. ಮೂರು ವಾರಗಳೊಳಗೆ ಇಬ್ಬರು ಅಶ್ವಥರನ್ನು ಕಳೆದುಕೊಂಡ ಕಾರಣ, ಆ ದಿನಗಳ ಲೇಖನಗಳನ್ನು ಇಂದು ಹುಡುಕುವವರು ಇನಿಷಿಯಲ್ ನೋಡದೆ ಮುಂದೆ ಹೋಗುವಂತಿಲ್ಲ.

ಸಿ. ಅಶ್ವಥ್ ಅವರ ಕೆಲಸವನ್ನು ಪಟ್ಟಿ ಮಾಡುವವರಿಗೆ ಇನ್ನೊಂದು ತೊಡಕಿದೆ. ಎಲ್. ವೈದ್ಯನಾಥನ್ ಅವರೊಂದಿಗೆ ಸೇರಿ ‘ಆಲೆಮನೆ’ ಮೊದಲಾದ ಚಿತ್ರಗಳಿಗೆ ಅವರು ನೀಡಿದ ಸಂಗೀತವು ‘ಅಶ್ವಥ್–ವೈದಿ’ ಎಂಬ ಜೋಡಿ ಹೆಸರಿನಲ್ಲಿದೆ. ಇದು ಒಬ್ಬ ವ್ಯಕ್ತಿಯ ಹೆಸರಲ್ಲ. ಇದನ್ನು ಪೂರ್ತಿಯಾಗಿ ಅಶ್ವಥ್ ಅವರ ಖಾತೆಗೆ ಹಾಕಿದರೆ ವೈದ್ಯನಾಥನ್ ಅವರ ಪಾಲು ಮರೆಯಾಗುತ್ತದೆ. ರಾಜನ್–ನಾಗೇಂದ್ರ, ಶಂಕರ್–ಗಣೇಶ್ ಮುಂತಾದ ಜೋಡಿಗಳ ವಿಷಯದಲ್ಲೂ ಇದೇ ಎಚ್ಚರ ಅಗತ್ಯ.

ಅಂಕಿತ: ಹಳೆಯ ಪರಿಹಾರ

ಹಾಡಿನ ಕೊನೆಯಲ್ಲಿ ಕರ್ತೃವಿನ ಗುರುತನ್ನು ಹೆಣೆಯುವ ಪದ್ಧತಿ ಕನ್ನಡದಲ್ಲಿ ಪ್ರಾಚೀನವಾದದ್ದು. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಬಸವಣ್ಣನವರಿಗೆ ‘ಕೂಡಲಸಂಗಮದೇವ’, ಅಕ್ಕಮಹಾದೇವಿಗೆ ‘ಚೆನ್ನಮಲ್ಲಿಕಾರ್ಜುನ’, ಅಲ್ಲಮಪ್ರಭುವಿಗೆ ‘ಗುಹೇಶ್ವರ’ ಎಂಬ ಅಂಕಿತಗಳಿವೆ. ಇವು ಇಷ್ಟದೈವದ ಹೆಸರುಗಳಾದರೂ ಓದುಗರ ಪಾಲಿಗೆ ಕರ್ತೃವಿನ ಸಹಿಯಾಗಿ ಕೆಲಸ ಮಾಡುತ್ತವೆ.

ದಾಸಸಾಹಿತ್ಯದಲ್ಲಿ ಅಂಕಿತದ ಉಪಯೋಗ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪುರಂದರದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ ಎಂಬುದು ಸಂಪ್ರದಾಯ. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರ ಮೊದಲ ಹೆಸರೂ ಶ್ರೀನಿವಾಸಾಚಾರ್ಯ. ಅಂದರೆ ಈ ಇಬ್ಬರೂ ಮೊದಲಿಗೆ ಶ್ರೀನಿವಾಸರೇ. ಅವರ ಕೃತಿಗಳು ಬೆರೆತುಹೋಗದಿರುವುದಕ್ಕೆ ಒಬ್ಬರ ಅಂಕಿತ ‘ಪುರಂದರವಿಠಲ’ ಮತ್ತೊಬ್ಬರದು ‘ಜಗನ್ನಾಥವಿಠಲ’ ಆಗಿರುವುದೂ ಒಂದು ಕಾರಣ. ‘ವಿಠಲ’ ಎಂಬ ಭಾಗ ಪರಂಪರೆಯನ್ನು ಹೇಳಿದರೆ, ಅದರ ಹಿಂದಿನ ಪದ ವ್ಯಕ್ತಿಯನ್ನು ಹೇಳುತ್ತದೆ. ವಿಜಯವಿಠಲ, ಗೋಪಾಲವಿಠಲ ಮೊದಲಾದವೂ ಇದೇ ಮಾದರಿಯವು. ಸಾಮಾನ್ಯವಾಗಿ ಗುರುವಿನಿಂದ ಶಿಷ್ಯನಿಗೆ ಅಂಕಿತ ದೊರೆಯುತ್ತಿದ್ದುದರಿಂದ ಒಂದು ಬಗೆಯ ನೋಂದಣಿಯೂ ಇದರಲ್ಲಿ ಇತ್ತು ಎನ್ನಬಹುದು.

ಹಾಗೆಂದು ಅಂಕಿತ ಸಂಪೂರ್ಣ ಸುರಕ್ಷಿತವಲ್ಲ. ಬಾಯಿಂದ ಬಾಯಿಗೆ ಸಾಗಿಬಂದ ಕೀರ್ತನೆಗಳಲ್ಲಿ ಜನಪ್ರಿಯ ದಾಸರ ಅಂಕಿತ ಸೇರಿಕೊಂಡಿರುವ ಸಾಧ್ಯತೆಯನ್ನು ಸಂಪಾದಕರು ಗುರುತಿಸುತ್ತಲೇ ಬಂದಿದ್ದಾರೆ. ಆದರೂ ಅಂಕಿತದಲ್ಲಿ ಒಂದು ಹೆಚ್ಚುಗಾರಿಕೆಯಿದೆ: ಅದು ಹಾಡಿನ ಒಳಗೇ ಇರುತ್ತದೆ. ಕ್ಯಾಸೆಟ್ಟಿನ ಹೊದಿಕೆ ಕಳೆದುಹೋಗಬಹುದು, ಅಂಕಿತ ಹಾಗೆ ಕಳೆಯುವುದಿಲ್ಲ.

ಶ್ರೀನಿವಾಸ ಎಂಬ ಹೆಸರಿನ ಕಥೆ ದಾಸರೊಂದಿಗೆ ಮುಗಿಯುವುದಿಲ್ಲ. ರಾಜ್‌ಕುಮಾರ್ ಅವರ ಚಿತ್ರಗಳ ಹಾಡುಗಳಿಂದ ಕನ್ನಡಿಗರ ಮನೆಮಾತಾದ ಪಿ.ಬಿ. ಶ್ರೀನಿವಾಸ್ (1930–2013), ಮ್ಯಾಂಡೋಲಿನ್ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಯು. ಶ್ರೀನಿವಾಸ್ (1969–2014), ಎ.ಆರ್. ರೆಹಮಾನ್ ಅವರ ಹಾಡುಗಳಿಂದ ಪ್ರಸಿದ್ಧರಾದ ಹಿನ್ನೆಲೆ ಗಾಯಕ ಶ್ರೀನಿವಾಸ್, ಈ ಮೂವರೂ ಬೇರೆ ಬೇರೆ. ಮೊದಲನೆಯವರ ಹೆಸರಿನಲ್ಲಿರುವ ಪಿ.ಬಿ. ಎಂದರೆ ‘ಪ್ರತಿವಾದಿ ಭಯಂಕರ’. ಅಷ್ಟು ಮೃದುವಾದ ಕಂಠಕ್ಕೆ ಇಂಥ ಮನೆತನದ ಹೆಸರು ಎಂದು ಅಚ್ಚರಿಪಡುವವರುಂಟು. ಎರಡನೆಯವರನ್ನು ಎಲ್ಲರೂ ‘ಮ್ಯಾಂಡೋಲಿನ್ ಶ್ರೀನಿವಾಸ್’ ಎಂದೇ ಕರೆದರು.

ವಾದ್ಯ, ಊರು ಮತ್ತು ಬಿರುದು

ವಾದ್ಯದ ಹೆಸರನ್ನು ಮುಂದೆ ಸೇರಿಸುವ ರೂಢಿ ಮೈಸೂರು ಸಂಸ್ಥಾನದಲ್ಲಿ ಬಲವಾಗಿತ್ತು. ವೀಣೆ ಶೇಷಣ್ಣ (1852–1926) ಮತ್ತು ವೀಣೆ ಸುಬ್ಬಣ್ಣ ಆಸ್ಥಾನದ ಪ್ರಸಿದ್ಧ ವೈಣಿಕರು. ಪಿಟೀಲು ಚೌಡಯ್ಯ (1895–1967) ಎಂದೊಡನೆ ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಬೇರೆಯಾಗಿ ನಿಲ್ಲುತ್ತಾರೆ. ಇಲ್ಲಿ ಒಬ್ಬರಿಗೆ ಪಿಟೀಲು, ಇನ್ನೊಬ್ಬರಿಗೆ ದೋಣಿ ಗುರುತಾಗಿದೆ. ಬೆಂಗಳೂರಿನ ವಯ್ಯಾಲಿಕಾವಲ್‌ನಲ್ಲಿರುವ ಚೌಡಯ್ಯ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲೇ ಇರುವುದರಿಂದ ಯಾವ ಚೌಡಯ್ಯನವರ ಸ್ಮಾರಕ ಎಂದು ಕೇಳಬೇಕಾಗಿಲ್ಲ.

ಸುಬ್ಬಣ್ಣ ಎಂಬ ಹೆಸರನ್ನು ಸ್ವಲ್ಪ ಬಿಡಿಸಿ ನೋಡುವುದು ಉಪಯುಕ್ತ. ವೈಣಿಕ ಸುಬ್ಬಣ್ಣನವರಲ್ಲದೆ, ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣ (1938–2022) ಇದ್ದಾರೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯನ್ನು ಕಟ್ಟಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದ ಕೆ.ವಿ. ಸುಬ್ಬಣ್ಣ (1932–2005) ಇದ್ದಾರೆ. ಹೆಗ್ಗೋಡೂ ಶಿವಮೊಗ್ಗ ಜಿಲ್ಲೆಯಲ್ಲೇ ಇರುವುದರಿಂದ ‘ಶಿವಮೊಗ್ಗದ ಸುಬ್ಬಣ್ಣ’ ಎಂದಷ್ಟೇ ಹೇಳಿದರೆ ರಂಗಭೂಮಿಯವರೂ ಸಂಗೀತದವರೂ ಬೇರೆ ಬೇರೆ ವ್ಯಕ್ತಿಗಳನ್ನು ನೆನೆಯಬಹುದು. ಇದರ ಜೊತೆಗೆ 2014ರ ನವೆಂಬರ್ 1ರಂದು ಊರುಗಳ ಅಧಿಕೃತ ಆಂಗ್ಲ ಕಾಗುಣಿತ ಬದಲಾಯಿತು. ಹಳೆಯ ಧ್ವನಿಸುರುಳಿಗಳ ಆಂಗ್ಲ ಮುದ್ರಣದಲ್ಲಿ ಗಾಯಕರು ‘ಶಿಮೋಗ ಸುಬ್ಬಣ್ಣ’ ಆಗಿಯೇ ಉಳಿದಿದ್ದಾರೆ. ಒಂದೇ ಹೆಸರು ಇಬ್ಬರಿಗಿರುವುದು ಒಂದು ಸಮಸ್ಯೆಯಾದರೆ, ಒಬ್ಬರಿಗೇ ಎರಡು ರೂಪಗಳಿರುವುದು ಅದರ ಮಗ್ಗುಲಿನ ಸಮಸ್ಯೆ.

ಊರಿನ ಹೆಸರು ಯಾವಾಗಲೂ ಹುಟ್ಟೂರನ್ನು ಸೂಚಿಸುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ದೇಗುಲವನ್ನು ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ (1878–1952) ಹುಟ್ಟಿದ್ದು ನಂಜನಗೂಡಿನಲ್ಲಿ. ಗಂಗೂಬಾಯಿ ಹಾನಗಲ್ (1913–2009) ಬಾಳಿ ಬೆಳಗಿದ್ದು ಹುಬ್ಬಳ್ಳಿಯಲ್ಲಿ. ಉತ್ತರ ಕರ್ನಾಟಕದಲ್ಲಿ ಊರು ಹೆಸರಿನ ಹಿಂದೆ ಬರುತ್ತದೆ, ಹಳೆಯ ಮೈಸೂರು ಸೀಮೆಯಲ್ಲಿ ಮುಂದೆ ಬರುತ್ತದೆ. ಅಕ್ಷರಾನುಕ್ರಮದ ಸೂಚಿಯಲ್ಲಿ ಮೈಸೂರು ವಾಸುದೇವಾಚಾರ್ಯ ಮತ್ತು ಮೈಸೂರು ಅನಂತಸ್ವಾಮಿ ಅವರು ‘ಮ’ ಅಕ್ಷರದಲ್ಲಿ ಅಕ್ಕಪಕ್ಕ ಬರುವುದಕ್ಕೆ ಇದೇ ಕಾರಣ.

ಬಿರುದೇ ಹೆಸರಾದ ಪ್ರಸಂಗಗಳಲ್ಲಿ ‘ಗಂಧರ್ವ’ ಮುಖ್ಯವಾದುದು. ಕುಂದಗೋಳದ ರಾಮಭಾವು ಕುಂದಗೋಳಕರ್ ಅವರು ಸವಾಯಿ ಗಂಧರ್ವ (1886–1952) ಎಂದು ಪ್ರಸಿದ್ಧರಾದರು. ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿ ಇವರ ಶಿಷ್ಯರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಅವರು ಕುಮಾರ ಗಂಧರ್ವ (1924–1992) ಆದರು. ಮರಾಠಿ ರಂಗಭೂಮಿಯ ನಾರಾಯಣ ಶ್ರೀಪಾದ ರಾಜಹಂಸ ಅವರು ಬಾಲ ಗಂಧರ್ವ (1888–1967). ಇದನ್ನು ಮನೆತನದ ಹೆಸರೆಂದು ತಿಳಿದು ಈ ಮೂವರನ್ನು ಒಂದೇ ಕುಟುಂಬದವರೆಂದು ಬರೆಯುವುದು ತಪ್ಪು.

ಇನಿಷಿಯಲ್‌ಗಳ ಮಿತಿ

ಇನಿಷಿಯಲ್ ಕೂಡ ಎಷ್ಟೋ ಬಾರಿ ಕೈಕೊಡುತ್ತದೆ. ‘ಕೆ.ಎಸ್.’ ಎಂಬ ಎರಡು ಅಕ್ಷರಗಳನ್ನೇ ನೋಡಬಹುದು. ಕೆ.ಎಸ್. ನರಸಿಂಹಸ್ವಾಮಿ ಅವರಲ್ಲಿ ಅದು ಕಿಕ್ಕೇರಿ ಸುಬ್ಬರಾವ್, ಕೆ.ಎಸ್. ನಿಸಾರ್ ಅಹಮದ್ ಅವರಲ್ಲಿ ಕೊಕ್ಕರೆ ಹೊಸಹಳ್ಳಿ ಶೇಖ್ ಹೈದರ್, ಗಾಯಕಿ ಕೆ.ಎಸ್. ಚಿತ್ರಾ ಅವರಲ್ಲಿ ತಂದೆ ಕೃಷ್ಣನ್ ನಾಯರ್ ಮತ್ತು ತಾಯಿ ಶಾಂತಕುಮಾರಿ. ನಟ ಕೆ.ಎಸ್. ಅಶ್ವಥ್ ಅವರನ್ನು ಮೇಲೆ ನೋಡಿದ್ದೇವೆ. ಭಾವಗೀತೆಯ ಕ್ಯಾಸೆಟ್ಟಿನ ಮೇಲೆ ‘ಸಾಹಿತ್ಯ: ಕೆ.ಎಸ್.’ ಎಂದು ಮಾತ್ರ ಮುದ್ರಿತವಾಗಿದ್ದರೆ ಇಬ್ಬರು ಮಹತ್ವದ ಕವಿಗಳಲ್ಲಿ ಯಾರೆಂದು ಹಾಡು ಕೇಳಿಯೇ ತಿಳಿಯಬೇಕು.

ಚಲನಚಿತ್ರ ಹಾಗೂ ಪಾಪ್ ಸಂಗೀತದ ಕಲಾವಿದರು

ಹೊಸ ತಲೆಮಾರಿನಲ್ಲಿ ಗೊಂದಲ ಕ್ಷೇತ್ರಗಳನ್ನು ದಾಟಿ ಹರಡಿದೆ. ‘ಲೂಸಿಯಾ’ (2013) ಚಿತ್ರದ ಸಂಗೀತ ನಿರ್ದೇಶಕರ ಹೆಸರು ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೋ’ ಬರೆದ ಕಾದಂಬರಿಕಾರ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರ ಹೆಸರಿನಲ್ಲಿ ಹುಡುಕಿದವರಿಗೆ ಚಿತ್ರಗೀತೆಗಳೂ, ಗೀತೆಗಳನ್ನು ಹುಡುಕಿದವರಿಗೆ ಮೂಡಿಗೆರೆಯ ಕಾಡೂ ಎದುರಾಗುತ್ತವೆ. ಸಂಗೀತಗಾರರು ಎಸ್.ವಿ. ಎಂಬ ಇನಿಷಿಯಲ್ ಬಳಸುವುದುಂಟು.

‘ಟಗರು’ ಚಿತ್ರದ ಸಂಗೀತ ನಿರ್ದೇಶಕ ಚರಣ್ ರಾಜ್ ಅವರಿಗೂ 1980ರ ದಶಕದಿಂದ ಹಲವು ಭಾಷೆಗಳಲ್ಲಿ ಅಭಿನಯಿಸಿದ ನಟ ಚರಣ್ ರಾಜ್ ಅವರಿಗೂ ಸಂಬಂಧವಿಲ್ಲ. ಕನ್ನಡದ ಹಿನ್ನೆಲೆ ಗಾಯಕ ಹೇಮಂತ್ ಕುಮಾರ್ 2000ರ ‘ಪ್ರೀತ್ಸೆ’ ಚಿತ್ರದ ಶೀರ್ಷಿಕೆ ಗೀತೆಯಿಂದ ಹೆಸರಾದವರು. ಬಂಗಾಳದ ಹೇಮಂತ ಮುಖೋಪಾಧ್ಯಾಯ (1920–1989) ಹಿಂದಿ ಚಿತ್ರರಂಗದಲ್ಲಿ ಹೇಮಂತ್ ಕುಮಾರ್ ಎಂದೇ ಪರಿಚಿತರು. ಒಬ್ಬರ ಗಾಯನ ಆರಂಭವಾಗುವ ಹೊತ್ತಿಗೆ ಮತ್ತೊಬ್ಬರು ತೀರಿಕೊಂಡು ದಶಕ ಕಳೆದಿತ್ತು. ಆದರೆ ಯಂತ್ರಗಳು ಸಿದ್ಧಪಡಿಸುವ ಹಾಡುಗಳ ಪಟ್ಟಿಗೆ ಕಾಲದ ಈ ಅಂತರ ತಾನಾಗಿ ತಿಳಿಯುವುದಿಲ್ಲ. ಅನುರಾಧಾ ಭಟ್ ಮತ್ತು ಅನನ್ಯಾ ಭಟ್ ಇಬ್ಬರೂ ಕನ್ನಡದ ಸಮಕಾಲೀನ ಗಾಯಕಿಯರು. ‘ಎ. ಭಟ್’ ಎಂದು ಸಂಕ್ಷೇಪಿಸಿದ ಕೂಡಲೇ ಅವರ ವ್ಯತ್ಯಾಸ ಅಳಿಸಿಹೋಗುತ್ತದೆ.

ಈ ಕಾರಣಕ್ಕೋ ಬೇರೆ ಕಾರಣಕ್ಕೋ ಹೆಸರು ಬದಲಿಸಿಕೊಂಡವರು ಬಹಳ. ಗಂಗರಾಜು ಅವರು ಹಂಸಲೇಖ ಆದರು, ಲೋಕೇಶ್ ಕುಮಾರ್ ಅವರು ಅರ್ಜುನ್ ಜನ್ಯ ಆದರು. ಕುಂದಾಪುರ ಸೀಮೆಯ ಬಸ್ರೂರಿನವರಾದ ರವಿ ಬಸ್ರೂರು ತಮ್ಮ ಊರನ್ನೇ ಹೆಸರಿಗೆ ಸೇರಿಸಿಕೊಂಡರು. ಗಾಯಕ ಎಲ್.ಎನ್. ಶಾಸ್ತ್ರಿ ಅವರು ಸಂಗೀತ ನಿರ್ದೇಶನಕ್ಕೆ ಚೈತನ್ಯ ಎಂಬ ಹೆಸರನ್ನು ಬಳಸಿದರು. ಹೊರಗಿನ ಪ್ರಪಂಚದಲ್ಲೂ ಇದು ನಡೆದಿದೆ: ಡೇವಿಡ್ ಜೋನ್ಸ್ ಎಂಬ ಆಂಗ್ಲ ಗಾಯಕರು ‘ದಿ ಮಂಕೀಸ್’ ತಂಡದ ಡೇವಿ ಜೋನ್ಸ್ ಅವರಿಂದ ತಮ್ಮನ್ನು ಬೇರ್ಪಡಿಸಿಕೊಳ್ಳಲು ಡೇವಿಡ್ ಬೋವಿ ಎಂಬ ಹೆಸರಿಟ್ಟುಕೊಂಡರು.

ರಾಜ್‌ಕುಮಾರ್

ಮುತ್ತುರಾಜ್ ಎಂಬ ನಟರು 1954ರ ‘ಬೇಡರ ಕಣ್ಣಪ್ಪ’ ಚಿತ್ರದೊಂದಿಗೆ ರಾಜ್‌ಕುಮಾರ್ (1929–2006) ಆದರು. ಹಿಂದಿ ಚಿತ್ರರಂಗದಲ್ಲಿ ಕುಲಭೂಷಣ ಪಂಡಿತ್ ಎಂಬ ನಟರೂ ರಾಜ್ ಕುಮಾರ್ (1926–1996) ಎಂಬ ಹೆಸರಿನಿಂದ ಖ್ಯಾತರಾದರು. ಇಬ್ಬರಿಗೂ ಅದು ಹುಟ್ಟುಹೆಸರಲ್ಲ. ಗಾಯಕರಾಗಿ ರಾಷ್ಟ್ರಪ್ರಶಸ್ತಿ ಪಡೆದವರು ಕನ್ನಡದ ರಾಜ್‌ಕುಮಾರ್. ‘ಜೀವನ ಚೈತ್ರ’ (1992) ಚಿತ್ರದ ಹಾಡಿಗೆ ಆ ಗೌರವ ಸಂದಿತು. ಕನ್ನಡದಲ್ಲಿ ‘ಡಾ.’ ಎಂಬ ಗೌರವ ಸೂಚಕವೇ ಅವರ ಹೆಸರಿನ ಭಾಗವಾಗಿ, ಗೊಂದಲವನ್ನು ತಡೆಯುವ ಗುರುತಾಗಿ ನಿಂತಿದೆ.

ಮುಂದೆ ಈ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಯಿತು. ರಾಘವೇಂದ್ರ ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ (1975–2021) ಇಬ್ಬರೂ ಹಾಡಿದವರೇ. ಪುನೀತ್ ಅಭಿನಯದ 2017ರ ಚಿತ್ರದ ಹೆಸರು ‘ರಾಜಕುಮಾರ’, ಸಂಗೀತ ವಿ. ಹರಿಕೃಷ್ಣ ಅವರದು. ಹೀಗೆ ಒಂದೇ ಪದ ತಂದೆಯ ಹೆಸರು, ಮಗನ ಹೆಸರಿನ ಉತ್ತರಾರ್ಧ ಹಾಗೂ ಚಿತ್ರಗೀತೆಗಳ ಆಲ್ಬಂ ಮೂರೂ ಆಗಿದೆ. ತಂದೆ ಮತ್ತು ಮಗ ಇಬ್ಬರ ಸಮಾಧಿಗಳೂ ಉತ್ತರ ಬೆಂಗಳೂರಿನಲ್ಲಿ, ಯಶವಂತಪುರದಿಂದ ಮುಂದೆ ಸಿಗುವ ಕಂಠೀರವ ಸ್ಟುಡಿಯೋ ಆವರಣದಲ್ಲಿವೆ. ಕಂಠೀರವ ಎಂಬ ಹೆಸರು ನಗರದ ಮಧ್ಯದ ಕ್ರೀಡಾಂಗಣಕ್ಕೂ ಇದ್ದು, ಹೊಸಬರು ಆಟೋದವರಿಗೆ ‘ಸ್ಟುಡಿಯೋ’ ಎಂದು ಸೇರಿಸಿ ಹೇಳುವುದು ಒಳ್ಳೆಯದು.

ಒಂದೇ ಶೀರ್ಷಿಕೆಯ ಆಲ್ಬಂಗಳು

ಕನ್ನಡದಲ್ಲಿ ಒಂದೇ ಶೀರ್ಷಿಕೆ ಮರಳಿ ಬರುವುದಕ್ಕೆ ಎರಡು ಮುಖ್ಯ ಕಾರಣಗಳಿವೆ: ಜನಪ್ರಿಯ ಚಿತ್ರದ ಹೆಸರನ್ನು ಮತ್ತೆ ಇಡುವುದು ಹಾಗೂ ಕವನ ಸಂಕಲನದ ಹೆಸರನ್ನು ಧ್ವನಿಸುರುಳಿಗೆ ಇಡುವುದು.

ಮೊದಲನೆಯದಕ್ಕೆ ‘ನಾಗರಹಾವು’ ಉತ್ತಮ ನಿದರ್ಶನ. 1972ರ ಪುಟ್ಟಣ್ಣ ಕಣಗಾಲ್ ಚಿತ್ರಕ್ಕೆ ವಿಜಯಭಾಸ್ಕರ್, 2002ರ ಉಪೇಂದ್ರ ಅಭಿನಯದ ಚಿತ್ರಕ್ಕೆ ಹಂಸಲೇಖ, 2016ರ ಚಿತ್ರಕ್ಕೆ ಗುರುಕಿರಣ್ ಸಂಗೀತ ನೀಡಿದರು. ಈ ಮೂರಕ್ಕೂ ಕಥೆಯಲ್ಲಿ ಸಂಬಂಧವಿಲ್ಲ. 2016ರ ಚಿತ್ರದಲ್ಲಿ ದಿವಂಗತ ವಿಷ್ಣುವರ್ಧನ್ ಅವರ ರೂಪವನ್ನು ಗಣಕಯಂತ್ರದ ನೆರವಿನಿಂದ ತೋರಿಸಲಾಗಿದ್ದುದರಿಂದ ಗೊಂದಲ ಇನ್ನಷ್ಟು ಹೆಚ್ಚಿತು. ‘ಚಕ್ರವ್ಯೂಹ’ ಎಂಬ ಹೆಸರಿನಲ್ಲಿ 1983ರಲ್ಲಿ ಶಂಕರ್–ಗಣೇಶ್ ಹಾಗೂ 2016ರಲ್ಲಿ ಎಸ್. ತಮನ್ ಅವರ ಸಂಗೀತವಿರುವ ಚಿತ್ರಗಳು ಬಂದವು. ‘ಗಂಧದ ಗುಡಿ’ 1973ರಲ್ಲಿ ರಾಜ್‌ಕುಮಾರ್ ಅವರ ಚಿತ್ರ, ಸಂಗೀತ ರಾಜನ್–ನಾಗೇಂದ್ರ. 2022ರಲ್ಲಿ ಅದೇ ಹೆಸರಿನಲ್ಲಿ ಪುನೀತ್ ಅವರ ವನ್ಯಜೀವಿ ಚಿತ್ರ ಬಂದಿತು, ಸಂಗೀತ ಅಜನೀಶ್ ಲೋಕನಾಥ್.

‘ಗೀತಾ’ ಎಂಬ ಶೀರ್ಷಿಕೆಯ ಜಾಡು ಇನ್ನೂ ಕುತೂಹಲಕರ. 1981ರ ಶಂಕರ್ ನಾಗ್ ಚಿತ್ರಕ್ಕೆ ಇಳಯರಾಜ ಸಂಗೀತ ನೀಡಿದ್ದರು, 2019ರ ‘ಗೀತಾ’ ಚಿತ್ರದ ಸಂಗೀತ ಅನೂಪ್ ರೂಬೆನ್ಸ್ ಅವರದು. ಹಳೆಯ ಚಿತ್ರದ ಅತ್ಯಂತ ಜನಪ್ರಿಯ ಗೀತೆಯ ಮೊದಲ ಪದಗಳಿಂದ ‘ಜೊತೆ ಜೊತೆಯಲಿ’ ಎಂಬ 2006ರ ಚಿತ್ರದ ಹೆಸರು ಬಂದಿತು, ಅದು ವಿ. ಹರಿಕೃಷ್ಣ ಸಂಗೀತ ನಿರ್ದೇಶಕರಾದ ಚಿತ್ರ. 2019ರಲ್ಲಿ ಅದೇ ಹೆಸರಿನ ದೂರದರ್ಶನ ಧಾರಾವಾಹಿಯೂ ಆರಂಭವಾಯಿತು. ಕನ್ನಡದಲ್ಲಿ ಹಾಡುಗಳಿಗೆ ಪ್ರತ್ಯೇಕ ಶೀರ್ಷಿಕೆ ಇಡುವ ರೂಢಿ ಕಡಿಮೆ, ಪಲ್ಲವಿಯ ಆರಂಭವೇ ಹೆಸರು. ಆದುದರಿಂದ ಹಾಡು ಮತ್ತು ಚಿತ್ರದ ಹೆಸರುಗಳು ಹೀಗೆ ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಎರಡನೆಯ ಬಗೆಯಲ್ಲಿ ‘ನಿತ್ಯೋತ್ಸವ’ ಮೊದಲು ನೆನಪಾಗುತ್ತದೆ. ಅದು ನಿಸಾರ್ ಅಹಮದ್ ಅವರ 1976ರ ಕವನ ಸಂಕಲನ. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಅದೇ ಹೆಸರಿನಿಂದ ಬಂದದ್ದು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎನಿಸಿದೆ. ‘ಮೈಸೂರ ಮಲ್ಲಿಗೆ’ ಎಂಬುದು ಕೆ.ಎಸ್. ನರಸಿಂಹಸ್ವಾಮಿ ಅವರ 1942ರ ಸಂಕಲನ, ಆ ಕವಿತೆಗಳನ್ನು ಹಾಡಿದ ಧ್ವನಿಸುರುಳಿ, ಟಿ.ಎಸ್. ನಾಗಾಭರಣ ಅವರ ಚಲನಚಿತ್ರ ಮತ್ತು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೂವು. ಚಿತ್ರದ ಹಾಡಿಗಾಗಿ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಕವಿಗೇ ದೊರೆಯಿತು. ಹೀಗಾಗಿ ಇಲ್ಲಿ ಪ್ರಶಸ್ತಿ ಚಿತ್ರಕ್ಕೆ ಬಂದದ್ದೋ ಪುಸ್ತಕಕ್ಕೆ ಬಂದದ್ದೋ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಕುವೆಂಪು ಅವರ ಕವಿತೆಯಿಂದ ಬಂದ ‘ಕನ್ನಡವೇ ಸತ್ಯ’ ಎಂಬ ಹೆಸರು ಸಿ. ಅಶ್ವಥ್ ಅವರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸಿದ ಬೃಹತ್ ಗಾಯನ ಕಾರ್ಯಕ್ರಮಕ್ಕೂ ಅದರ ಧ್ವನಿಮುದ್ರಣಕ್ಕೂ ಇದೆ.

ಸ್ವತಂತ್ರ ಸಂಗೀತ ತಂಡಗಳಲ್ಲಿ ರಘು ದೀಕ್ಷಿತ್ ಅವರ ‘ಅಂತರಾಗ್ನಿ’ಯನ್ನು ಹೆಸರಿಸಬೇಕು. ಅದು ಮೊದಲು ಅವರ ತಂಡದ ಹೆಸರು, ಬಳಿಕ 2008ರ ಆಲ್ಬಂನ ಹೆಸರು. ಕಾನ್ಪುರದ ಐಐಟಿಯ ಸಾಂಸ್ಕೃತಿಕ ಉತ್ಸವಕ್ಕೂ ಇದೇ ಹೆಸರಿದೆ. ತಂಡದ ಹೆಸರನ್ನೇ ಆಲ್ಬಂಗೆ ಇಡುವುದು ಪಾಪ್ ಸಂಗೀತದಲ್ಲಿ ಸಾಮಾನ್ಯ. ಆಂಗ್ಲ ಗಾಯಕ ಪೀಟರ್ ಗೇಬ್ರಿಯಲ್ ಅವರು 1977ರಿಂದ 1982ರವರೆಗೆ ನಾಲ್ಕು ಆಲ್ಬಂಗಳಿಗೆ ತಮ್ಮ ಹೆಸರನ್ನಷ್ಟೇ ಇಟ್ಟರು. ಕೇಳುಗರು ಹೊದಿಕೆಯ ಚಿತ್ರವನ್ನು ನೋಡಿ ಅಡ್ಡಹೆಸರಿಟ್ಟುಕೊಂಡು ವ್ಯವಹರಿಸ ಬೇಕಾಯಿತು.

ಕಾನೂನು, ಗೌರವಧನ ಮತ್ತು ಗುರುತಿನ ಸಂಖ್ಯೆಗಳು

ಶೀರ್ಷಿಕೆಯೊಂದಕ್ಕೇ ಕೃತಿಸ್ವಾಮ್ಯ ಇರುವುದಿಲ್ಲ. ‘ದೇಸಿ ಬಾಯ್ಸ್’ ಎಂಬ ಹಿಂದಿ ಚಿತ್ರದ ಹೆಸರಿನ ಕುರಿತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಕನ್ನಡ ಚಿತ್ರಗಳ ಶೀರ್ಷಿಕೆಗಳನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವ ಪದ್ಧತಿ ಇದೆ. ಅದು ಉದ್ಯಮದ ಒಳಗಿನ ಶಿಸ್ತು.

ಹೆಸರಿನ ಗೊಂದಲ ಹಣದ ಪ್ರಶ್ನೆಯೂ ಹೌದು. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಚಿತ್ರಗೀತೆಗಳ ಸಾಹಿತಿಗಳಿಗೂ ಸಂಗೀತ ಸಂಯೋಜಕರಿಗೂ ಗೌರವಧನದ ಹಕ್ಕನ್ನು ಖಾತ್ರಿಪಡಿಸಿತು. ಆ ಹಕ್ಕು ಕೈಗೂಡಲು ಕೃತಿ ಯಾರದೆಂದು ದಾಖಲೆಯಲ್ಲಿ ಸರಿಯಾಗಿ ಇರಬೇಕು. ಹಳೆಯ ಕ್ಯಾಸೆಟ್ಟುಗಳಿಂದ ಅಂತರಜಾಲಕ್ಕೆ ಏರಿಸಿದ ಹಾಡುಗಳಲ್ಲಿ ಗಾಯಕರ ಹೆಸರು ಮಾತ್ರ ಇದ್ದು ಕವಿ ಮತ್ತು ಸಂಯೋಜಕರ ಹೆಸರು ಬಿಟ್ಟುಹೋಗಿರುವುದು ಸಾಮಾನ್ಯವಾಗಿ ಕಾಣಸಿಗುತ್ತದೆ. ಭಾವಗೀತೆಯಂತಹ ಪ್ರಕಾರದಲ್ಲಿ, ಕವಿಯೇ ಮೊದಲಿಗನಾಗಿರುವಲ್ಲಿ, ಇದು ಸಣ್ಣ ಲೋಪವಲ್ಲ.

ಈ ಕೊರತೆಯನ್ನು ತುಂಬಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಸಂಖ್ಯೆಗಳನ್ನು ರೂಪಿಸಿದೆ. ಪ್ರತಿಯೊಂದು ಧ್ವನಿಮುದ್ರಣಕ್ಕೆ 12 ಅಕ್ಷರಾಂಕಗಳ ಐಎಸ್‌ಆರ್‌ಸಿ, ಪ್ರತಿಯೊಬ್ಬ ಕಲಾವಿದರಿಗೆ 16 ಅಂಕಗಳ ಐಎಸ್‌ಎನ್‌ಐ ಇವೆ. ಒಂದೇ ಹಾಡನ್ನು ಒಬ್ಬರೇ ಎರಡು ಬಾರಿ ಧ್ವನಿಮುದ್ರಿಸಿದರೂ ಎರಡು ಐಎಸ್‌ಆರ್‌ಸಿ ಬೇಕು. ಆದರೆ ಇವು ಹಾಡಿನ ಹೊರಗೆ, ದತ್ತಾಂಶದಲ್ಲಿ ಇರುವ ಗುರುತುಗಳು. ಏರಿಸುವವರು ನಮೂದಿಸದಿದ್ದರೆ ಇಲ್ಲದಂತೆಯೇ ಸರಿ.

ವಿಶ್ವಕೋಶದಲ್ಲಿ ಬಳಸುವ ಕ್ರಮ

ಕನ್ನಡದ ಅಂತರಜಾಲ ವಿಶ್ವಕೋಶದಲ್ಲಿ ಸಮಾನ ಹೆಸರುಗಳನ್ನು ಆವರಣದ ವಿವರಣೆಯಿಂದ ಬೇರ್ಪಡಿಸುವುದು ವಾಡಿಕೆ: ‘ನಾಗರಹಾವು (1972ರ ಚಲನಚಿತ್ರ)’, ‘ಚರಣ್ ರಾಜ್ (ಸಂಗೀತ ನಿರ್ದೇಶಕ)’ ಎಂಬಂತೆ. ಹಲವು ಲೇಖನಗಳಿದ್ದಲ್ಲಿ ಅವೆಲ್ಲವನ್ನೂ ತೋರಿಸುವ ದ್ವಂದ್ವ ನಿವಾರಣೆ ಪುಟವನ್ನು ರಚಿಸಲಾಗುತ್ತದೆ. ಕಾಗುಣಿತದ ಭೇದಗಳಿಗೆ ಪುನರ್ನಿರ್ದೇಶನ ಬೇಕಾಗುತ್ತದೆ, ಏಕೆಂದರೆ ಅಶ್ವಥ್, ಅಶ್ವತ್ಥ್, ಅಶ್ವತ್ಥ ಮೂರೂ ಬಳಕೆಯಲ್ಲಿವೆ ಮತ್ತು ಮೈಸೂರ ಮಲ್ಲಿಗೆಯನ್ನು ‘ಮೈಸೂರು ಮಲ್ಲಿಗೆ’ ಎಂದು ಹುಡುಕುವವರೂ ಇದ್ದಾರೆ. ಒಂದು ಹಾಡಿನ ವಿವರ ಸೇರಿಸುವಾಗ ಚಿತ್ರ ಅಥವಾ ಧ್ವನಿಸುರುಳಿಯ ವರ್ಷ, ಕವಿ, ಸಂಯೋಜಕ, ಗಾಯಕ ಈ ನಾಲ್ಕನ್ನೂ ಇನಿಷಿಯಲ್ ಬಿಡದೆ ನಮೂದಿಸಿದರೆ ಮುಂದಿನ ಸಂಪಾದಕರಿಗೆ ಕೆಲಸ ಹಗುರವಾಗುತ್ತದೆ. ವರ್ಷ ತಿಳಿಯದಿದ್ದಲ್ಲಿ ಊಹಿಸಿ ಬರೆಯುವ ಬದಲು ಆ ಜಾಗವನ್ನು ಖಾಲಿ ಬಿಡಲಾಗುತ್ತದೆ.